ಮಳೆಗಾಲದಲ್ಲಿ ಮನೆ ಸೋಪು ಒಣಗುತ್ತಿಲ್ಲ, ಬಿಸಿಲಿಗೆ ಇಡಬಹುದಾ?
ಬಿಸಿಲಿಗೆ ಮಾತ್ರ ಇಡಬೇಡಿ. ಸೋಪು ಮಾಡಿ ಮೂರು ವಾರವಾದರೂ ಮೇಲೆ ಹನಿ ಕೂರುತ್ತಿದೆ, ಕೈಗೆ ಅಂಟುತ್ತಿದೆ, ಕೆಟ್ಟುಹೋಯ್ತಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ನಾನಿರುವುದು ಕುಂದಾಪುರದ ಹತ್ತಿರ. ಜುಲೈನಲ್ಲಿ ನಮ್ಮಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಇನ್ನು ಸೋಪು ಬೆವರದೆ ಇರುತ್ತದಾ? ಮನೆಯಲ್ಲಿ ಮಾಡಿದ ಸೋಪಿನಲ್ಲಿ ಗ್ಲಿಸರಿನ್ ಒಳಗೇ ಉಳಿದಿರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅಷ್ಟೇ. ಹವೆ ಒಣಗಿದ ದಿನ ಆ ಹನಿ ತಾನಾಗಿಯೇ ಹೋಗುತ್ತದೆ.

ಎಣ್ಣೆ, ಕಾಸ್ಟಿಕ್ ಸೋಡಾ ಸೇರಿ ಸೋಪಾಗುವ ಕೆಲಸ ಹೆಚ್ಚುಕಡಿಮೆ ಮೊದಲ ಎರಡು ದಿನದಲ್ಲೇ ಮುಗಿದಿರುತ್ತದೆ. ಆಮೇಲೆ 4ರಿಂದ 6 ವಾರ ಕಾಯುವುದು ಒಳಗಿನ ನೀರು ಹೋಗಿ ಸೋಪು ಗಟ್ಟಿಯಾಗಲಿ ಅಂತ. ಹಾಗಾಗಿ ನಾನು ವಾರ ಎಣಿಸುವುದಿಲ್ಲ, ತೂಕ ಹಾಕುತ್ತೇನೆ. ಒಂದು ತುಂಡನ್ನು ಗುರುತು ಮಾಡಿಟ್ಟುಕೊಂಡು ಪ್ರತಿ ಭಾನುವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಇಡುತ್ತೇನೆ. ಕಳೆದ ಸಲ ಕತ್ತರಿಸಿದ ದಿನ 112 ಗ್ರಾಂ ಇತ್ತು. ಮೊದಲ ವಾರ 106, ಆಮೇಲೆ 103, 101. ನಾಲ್ಕನೇ ವಾರ ಜಡಿಮಳೆ ಹಿಡಿಯಿತು ನೋಡಿ, ತೂಕ 102ಕ್ಕೆ ಏರಿತು! ಮಳೆ ಬಿಟ್ಟ ಮೇಲೆ 99ಕ್ಕೆ ಬಂದು ನಿಂತಿತು. ಎರಡು ವಾರ ತೂಕ ಅಲ್ಲಾಡದಿದ್ದರೆ ಬಳಸಬಹುದು.

ಬಿಸಿಲಿಗೆ ಯಾಕೆ ಬೇಡ ಅಂದರೆ, ಮೈ ಮಾತ್ರ ಬೇಗ ಒಣಗಿ ತುಂಡು ಸೊಟ್ಟಗಾಗುತ್ತದೆ. ಸೋಪಾಗದೆ ಉಳಿದ ಎಣ್ಣೆ ಕಮಟು ಹಿಡಿದು ಕಿತ್ತಳೆ ಬಣ್ಣದ ಚುಕ್ಕೆ ಬರುತ್ತದೆ. ನಾನೊಮ್ಮೆ ಜಾಣತನ ಮಾಡಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದೆ, ಕೊಬ್ಬರಿ ಒಣಗುವ ಜಾಗ ಅಲ್ವಾ ಅಂತ. ಚೆನ್ನಾಗಿಯೇ ಒಣಗಿತು. ಆದರೆ ಎರಡು ತಿಂಗಳು ಮನೆಮಂದಿಯೆಲ್ಲ ಸ್ನಾನ ಮಾಡಿ ಬಂದರೆ ಹೊಗೆ ವಾಸನೆ.

ಈಗ ಮಲಗುವ ಕೋಣೆಯ ಕಪಾಟಿನ ಮೇಲೆ ಬಿದಿರಿನ ತಟ್ಟೆಯಲ್ಲಿ, ತುಂಡಿನಿಂದ ತುಂಡಿಗೆ ಎರಡು ಬೆರಳು ಜಾಗ ಬಿಟ್ಟು ಇಡುತ್ತೇನೆ. ಎರಡು ದಿನಕ್ಕೊಮ್ಮೆ ಮಗುಚುತ್ತೇನೆ, ರಾತ್ರಿ ಹೇಗೂ ಫ್ಯಾನ್ ಓಡುತ್ತದೆ. ಅಲ್ಯೂಮಿನಿಯಂ ತಟ್ಟೆ, ತುಕ್ಕು ಹಿಡಿಯುವ ಕಬ್ಬಿಣದ ಜಾಲರಿ ಎರಡೂ ಬೇಡ.

ಇನ್ನೊಂದು ವಿಷಯ. ಒದ್ದೆ ಬೆರಳಿಗೆ ಸೋಪು ಉಜ್ಜಿ ನಾಲಿಗೆ ತುದಿಗೆ ತಾಗಿಸಿ ನೋಡಿ. ಬರೀ ಸೋಪಿನ ರುಚಿ ಬಂದರೆ ಸರಿ. ಬ್ಯಾಟರಿ ಮುಟ್ಟಿಸಿದ ಹಾಗೆ ಚುರ್ ಅಂದರೆ ಕಾಸ್ಟಿಕ್ ಉಳಿದಿದೆ ಅಂತ ಲೆಕ್ಕ. ತಿಂಗಳಾದ ಮೇಲೂ ಚುರ್ ಅನ್ನುತ್ತಿದ್ದರೆ ಅಳತೆಯೇ ತಪ್ಪಿರುತ್ತದೆ, ಅದನ್ನು ಮೈಗೆ ಹಚ್ಚಬೇಡಿ.

ಮುಂದಿನ ಮಳೆಗಾಲದ ಸೋಪಿಗೆ ನೀರನ್ನೇ ಕಡಿಮೆ ಮಾಡಿ. ತೂಕದಲ್ಲಿ ಒಂದು ಪಾಲು ಕಾಸ್ಟಿಕ್‌ಗೆ ಎರಡು ಪಾಲು ನೀರು ಸಾಕು. ನೀರಿಗೆ ಕಾಸ್ಟಿಕ್ ಹಾಕಿ, ಕಾಸ್ಟಿಕ್‌ಗೆ ನೀರು ಹುಯ್ಯಬೇಡಿ, ಸಿಡಿಯುತ್ತದೆ.