ಮಿಥೈಲ್ ಮಾತ್ರೆ ನುಂಗಿದರೆ ವೈರಸ್ ಹತ್ತಿರ ಬರಲ್ವಾ?

ಮಂಡ್ಯದಿಂದ ನೀವು ಕೇಳಿದ್ದೀರಿ: ಕಾಲು ಜೋಮಿಗೆ ಅಮ್ಮನಿಗೆ ಮಿಥೈಲ್‌ಕೋಬಾಲಮಿನ್ (ವಿಟಮಿನ್ ಬಿ12ರ ಒಂದು ರೂಪ) ಬರೆದಿದ್ದಾರೆ, ಪ್ರೋಟೀನ್ ಮಿಥೈಲೇಷನ್ ವೈರಸ್ ತಡೆಯುತ್ತದೆ ಅಂತ ಓದಿದೆ, ನಾವೆಲ್ಲ ಅದನ್ನೇ ತಗೊಂಡರೆ ಹೇಗೆ?

ಬೇಡ. ಮೈಸೂರಲ್ಲಿ ಬಿ.ಎಸ್ಸಿ. ಹುಡುಗರಿಗೆ ಬಯೋಕೆಮಿಸ್ಟ್ರಿ ಹೇಳಿಕೊಡುತ್ತೇನೆ, ಅವರೂ ಇದನ್ನೇ ಕೇಳುತ್ತಾರೆ. ಮಿಥೈಲ್ ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ; ಅದರಲ್ಲಿ ಲೈಸೀನ್ ಅಥವಾ ಆರ್ಜಿನೀನ್ ಎಂಬ ಕೊಂಡಿಗಳ ಮೇಲೆ ಕಿಣ್ವಗಳು ಇದನ್ನು ಅಂಟಿಸುತ್ತವೆ, ಅದೇ ಮಿಥೈಲೇಷನ್. ಆ ಮಿಥೈಲ್ ಬರುವುದು ಮಿಥಿಯೊನೀನ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ, ಮಿಥಿಯೊನೀನ್ ತಯಾರಾಗಲು ಬಿ12 ಬೇಕು. ನಿಮ್ಮ ಮಾತ್ರೆಗೂ ಇದಕ್ಕೂ ಇರುವ ನಂಟು ಇಷ್ಟೇ. ಎಲ್ಲಿ ಅಂಟಿಸಬೇಕು ಅನ್ನೋದು ಕಿಣ್ವದ ಕೈಲಿದೆ, ಮಾತ್ರೆ ಕೈಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಲ್ಯಾಬಿಗೆ ಬರುವ ಒಬ್ಬಿಬ್ಬರ ತುಟಿಯಂಚಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು ಎದ್ದಿರುತ್ತದೆ. ನಮ್ಮ ಕಡೆ ಉಷ್ಣ ಆಗಿದೆ, ಎಳನೀರು ಕುಡಿ ಅಂತಾರೆ. ಕುಡಿಯಲಿ, ಬೇಡ ಅನ್ನಲ್ಲ. ಆದರೆ ಸಾಮಾನ್ಯವಾಗಿ ಅದು ಹರ್ಪಿಸ್ ವೈರಸ್. ಒಮ್ಮೆ ಒಳಗೆ ಬಂದರೆ ಮುಖದ ನರಕೋಶಗಳಲ್ಲಿ ಜೀವಮಾನವಿಡೀ ಮಲಗಿರುತ್ತದೆ. ಅಲ್ಲಿ ಅದರ ಡಿಎನ್‌ಎ ನಮ್ಮದೇ ಹಿಸ್ಟೋನ್ ಪ್ರೋಟೀನಿಗೆ ಸುತ್ತಿಕೊಳ್ಳುತ್ತದೆ. ಆ ಹಿಸ್ಟೋನಿನ 9 ಮತ್ತು 27ನೇ ಲೈಸೀನ್ ಮೇಲೆ ಮಿಥೈಲ್ ಕೂತರೆ ವೈರಸ್ಸಿನ ಜೀನ್‌ಗಳಿಗೆ ಬೀಗ ಬಿದ್ದ ಹಾಗೆ. ಜ್ವರ, ಬಿಸಿಲು, ಟೆನ್ಷನ್ ಬಂದಾಗ ವೈರಸ್ ಏಳುತ್ತದಲ್ವಾ, ಆಗ ಮಿಥೈಲ್ ಕೀಳುವ ಎಲ್‌ಎಸ್‌ಡಿ1 ಕಿಣ್ವವನ್ನೇ ಬಳಸಿಕೊಳ್ಳುತ್ತದೆ. ಪ್ರಾಣಿಗಳಲ್ಲಿ ಆ ಕಿಣ್ವವನ್ನು ತಡೆದು ನೋಡಿದಾಗ ವೈರಸ್ ಮತ್ತೆ ಏಳುವುದು ಕಡಿಮೆಯಾಗಿದೆ.

ಹಾಗಂತ ಮಿಥೈಲ್ ಯಾವಾಗಲೂ ನಮ್ಮ ಕಡೆ ಅಂತೇನಿಲ್ಲ. ಎಚ್‌ಐವಿಗೆ ಟ್ಯಾಟ್ ಅಂತ ಒಂದು ಪ್ರೋಟೀನ್ ಇದೆ, ವೈರಸ್ಸಿನ ಆರ್‌ಎನ್‌ಎ ಜೋರಾಗಿ ತಯಾರಾಗಲು ಅದು ಬೇಕೇ ಬೇಕು. ನಮ್ಮ ಪಿಆರ್‌ಎಂಟಿ6 ಕಿಣ್ವ ಟ್ಯಾಟ್‌ನ ಆರ್ಜಿನೀನ್ ಮೇಲೆ ಮಿಥೈಲ್ ಹಾಕಿದರೆ ಅದರ ಶಕ್ತಿ ಕುಗ್ಗುತ್ತದೆ. ಸೆಟ್7 ಅನ್ನೋ ಇನ್ನೊಂದು ಕಿಣ್ವ ಅದೇ ಟ್ಯಾಟ್‌ನ 51ನೇ ಲೈಸೀನ್ ಮೇಲೆ ಹಾಕಿದರೆ ಶಕ್ತಿ ಜಾಸ್ತಿಯಾಗುತ್ತದೆ. ಎರಡೂ ನಮ್ಮದೇ ಕಿಣ್ವಗಳು ನೋಡಿ! ಸುಮ್ನೆ ಮಿಥೈಲ್ ಹೆಚ್ಚಿಸಿ ಅಂದರೆ ಯಾವುದನ್ನು ಹೆಚ್ಚಿಸೋದು?

ಕ್ಯಾನ್ಸರ್‌ನಲ್ಲೂ ಇದೇ ಪೇಚು. ಕೆಲವು ಕ್ಯಾನ್ಸರ್‌ಗಳಲ್ಲಿ ಇಜೆಡ್‌ಎಚ್2 ಅನ್ನೋ ಕಿಣ್ವ ಹಿಸ್ಟೋನಿಗೆ ಅತಿಯಾಗಿ ಮಿಥೈಲ್ ಅಂಟಿಸಿ, ಗೆಡ್ಡೆ ಬೆಳೆಯದಂತೆ ತಡೆಯುವ ಜೀನ್‌ಗಳನ್ನೇ ಮುಚ್ಚಿಬಿಡುತ್ತದೆ. 2020ರಲ್ಲಿ ಅಮೆರಿಕದಲ್ಲಿ ಎಪಿಥೀಲಿಯಾಯ್ಡ್ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್‌ಗೆ ಟಾಜೆಮೆಟೋಸ್ಟಾಟ್ ಮಾತ್ರೆಗೆ ಅನುಮತಿ ಸಿಕ್ಕಿತು. ಅದು ಮಿಥೈಲ್ ಕೊಡುವ ಮಾತ್ರೆಯಲ್ಲ, ಅಂಟಿಸುವ ಆ ಕಿಣ್ವದ ಕೈ ಕಟ್ಟುವ ಮಾತ್ರೆ.