14 ಕ್ಯಾರೆಟ್ಟಿನ ದೇಶಭಕ್ತಿ

ತುಮಕೂರಿನ ಓದುಗರೊಬ್ಬರ ನಾಲ್ಕು ಪುಟದ ಪತ್ರದ ಸಾರ ಇಷ್ಟು: “1962ರ ಚೀನಾ ಯುದ್ಧ ಅಂದರೆ ಪತ್ರಿಕೆಯವರಿಗೆ ಬರೀ ಸೋಲು, ಅವಮಾನ. ಆ ಪೆಟ್ಟು ಬೀಳದಿದ್ದರೆ ದೇಶ ಮೈಕೊಡವಿ ಏಳುತ್ತಲೇ ಇರಲಿಲ್ಲ. ಬೆಂಗಳೂರಿನ ಕಾರ್ಖಾನೆಗಳು, ಗಡಿಯ ರಸ್ತೆಗಳು, ಹಸಿರು ಕ್ರಾಂತಿ, ಎಲ್ಲ ಯುದ್ಧದ ಕೊಡುಗೆ. ಸ್ವಲ್ಪ ಕಷ್ಟವಾಯಿತು, ನಿಜ. ಎಲ್ಲರೂ ಹಂಚಿಕೊಂಡರು. ಮುಗಿದುಹೋದ ಆ ಕಷ್ಟವನ್ನು ಈಗ ಕೆದಕುವುದೇಕೆ?”

ನಿಮ್ಮ ವಾದದಲ್ಲಿ ಹುರುಳಿದೆ, ಅದನ್ನು ಮೊದಲು ಒಪ್ಪಿಬಿಡುತ್ತೇನೆ. ಆ ಅಕ್ಟೋಬರಿನಲ್ಲಿ ಸ್ವತಂತ್ರ ಭಾರತಕ್ಕೆ ಹದಿನೈದು ವರ್ಷ ತುಂಬಿತ್ತಷ್ಟೆ. ಹಿಮಾಲಯದ ನೆತ್ತಿಗೆ ಹೋದ ನಮ್ಮ ಹುಡುಗರಲ್ಲಿ ಎಷ್ಟೋ ಜನರ ಮೈಮೇಲೆ ಹತ್ತಿ ಬಟ್ಟೆ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಕೈಯಲ್ಲಿ ಹಿಂದಿನ ಮಹಾಯುದ್ಧದ ಕಾಲದ .303 ಬಂದೂಕು. ಸೋತ ಮೇಲೆ ಸರ್ಕಾರ ಕಣ್ಣುಬಿಟ್ಟಿತು. ರಾಷ್ಟ್ರೀಯ ಉತ್ಪನ್ನದ ಶೇ 2ರ ಆಸುಪಾಸಿನಲ್ಲಿದ್ದ ರಕ್ಷಣಾ ವೆಚ್ಚ ಶೇ 4ರ ಹತ್ತಿರಕ್ಕೆ ಏರಿತು. ಮಿಗ್ ವಿಮಾನ ಕಟ್ಟಲು 1963ರಲ್ಲಿ ಹೊಸ ಕಂಪನಿ ಹುಟ್ಟಿತು. ನಾಸಿಕ್, ಕೋರಾಪುಟ್, ಹೈದರಾಬಾದುಗಳಲ್ಲಿ ಕೆಲಸ ಹಂಚಿಕೆಯಾಯಿತು. 1964ರ ಅಕ್ಟೋಬರಿನಲ್ಲಿ ಅದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಜೊತೆ ಸೇರಿ ಇವತ್ತಿನ ಎಚ್‌ಎಎಲ್ ಆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಹುಟ್ಟಿದ, ಮಣ್ಣು ಅಗೆಯುವ ಭಾರಿ ಯಂತ್ರಗಳನ್ನು ಮಾಡುವ ಬಿಇಎಂಎಲ್, ಚಿನ್ನ ಕರಗುತ್ತಾ ಬಂದಿದ್ದ ಕೆಜಿಎಫ್‌ಗೆ ಇನ್ನೊಂದು ಅನ್ನದ ದಾರಿ ಮಾಡಿಕೊಟ್ಟಿತು. 1965ರಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಉರುಳಿಸಿದ ಪುಟ್ಟ ನ್ಯಾಟ್ ವಿಮಾನ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು. ಇದನ್ನೆಲ್ಲ ಅಲ್ಲಗಳೆಯಲು ನನಗೇನು ಹುಚ್ಚೇ?

ಆದರೆ ಇದೆಲ್ಲಕ್ಕೂ ಯುದ್ಧವೇ ತಂದೆ ಅನ್ನುತ್ತೀರಲ್ಲ, ಅಲ್ಲಿ ತಾರೀಕುಗಳು ನಿಮ್ಮ ಕಡೆ ಇಲ್ಲ. ಸೇನೆಗೆ ರೇಡಿಯೊ, ರೇಡಾರ್ ಮಾಡುವ ಬಿಇಎಲ್ ಹುಟ್ಟಿದ್ದು 1954ರಲ್ಲಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 1958ರದು. ಗಡಿ ರಸ್ತೆ ಸಂಸ್ಥೆ ಶುರುವಾದದ್ದು 1960ರ ಮೇ ತಿಂಗಳಲ್ಲಿ, ಯುದ್ಧಕ್ಕೆ ಎರಡು ವರ್ಷ ಮೊದಲು. ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಮಾರುತ್ ಫೈಟರ್ ಮೊದಲ ಸಲ ಹಾರಿದ್ದು 1961ರ ಜೂನಿನಲ್ಲಿ. (1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ ವಿಮಾನ ಕಾರ್ಖಾನೆಯನ್ನು ಬೇಕಾದರೆ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ. ಅದು ಯುದ್ಧದ ಕೂಸೇ. ಬ್ರಿಟಿಷರ ಯುದ್ಧದ ಕೂಸು.) ಬೀಜ ಬಿತ್ತಿದ್ದು ಶಾಂತಿಕಾಲ. ಯುದ್ಧ ಮಾಡಿದ್ದು ಬೊಕ್ಕಸದ ಬಾಯಿ ಬಿಚ್ಚಿಸಿದ್ದು, ಕಡತಗಳನ್ನು ಓಡಿಸಿದ್ದು. ಹಸಿರು ಕ್ರಾಂತಿಯ ಕಥೆಯೂ ಬೇರೆ. ಮುಂದೆ ಅದಕ್ಕೆ ಬರುತ್ತೇನೆ.

ನನ್ನ ನಿಜವಾದ ತಕರಾರು “ಎಲ್ಲರೂ ಹಂಚಿಕೊಂಡರು” ಎಂಬ ಮಾತಿಗೆ.

ಯುದ್ಧ ಶುರುವಾದ ವಾರದಲ್ಲೇ ರಾಷ್ಟ್ರೀಯ ರಕ್ಷಣಾ ನಿಧಿ ತೆರೆದರು. ಹೆಂಗಸರು ಕೈಬಳೆ, ಓಲೆಗಳನ್ನು ಕಳಚಿ ಕೊಟ್ಟರು. ಯಾರೂ ಬಲವಂತ ಮಾಡಿರಲಿಲ್ಲ. ಆಮೇಲೆ ಚಿನ್ನದ ಬಾಂಡ್ ಬಂತು, ಅಂದರೆ ಚಿನ್ನ ಕೊಟ್ಟು ಸರ್ಕಾರದ ಸಾಲಪತ್ರ ಪಡೆಯುವುದು. ಅದರಲ್ಲಿ ಸರ್ಕಾರ ಕಟ್ಟಿದ ಬೆಲೆ 10 ಗ್ರಾಮಿಗೆ 53 ರೂಪಾಯಿ 58 ಪೈಸೆ, ಅಂದರೆ ಅಂತರರಾಷ್ಟ್ರೀಯ ದರ. ನಮ್ಮ ಪೇಟೆಯಲ್ಲಿ ಆಗ ಅದರ ಎರಡು ಪಟ್ಟಿನ ಹತ್ತಿರ ನಡೆಯುತ್ತಿತ್ತು. ಆ ಎರಡು ದರಗಳ ನಡುವಿನ ಸಂದಿಯಲ್ಲೇ ಕಳ್ಳಸಾಗಣೆ ಬೆಳೆದಿತ್ತು. ಕೈಯಲ್ಲಿದ್ದ ಅಲ್ಪಸ್ವಲ್ಪ ವಿದೇಶಿ ವಿನಿಮಯ ಅಲ್ಲಿ ಸೋರಿಹೋಗುತ್ತಿತ್ತು. ಅದನ್ನು ತಡೆಯಲು ಹಣಕಾಸು ಸಚಿವ ಮೊರಾರ್ಜಿ ದೇಸಾಯಿ 1963ರ ಜನವರಿ 9ರಂದು ಚಿನ್ನ ನಿಯಂತ್ರಣ ನಿಯಮ ತಂದರು. ತಂದದ್ದು ಯುದ್ಧಕಾಲಕ್ಕೆಂದು ಮಾಡಿದ್ದ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ. ಇನ್ನು ಮುಂದೆ 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವಂತಿಲ್ಲ.

ದೆಹಲಿಯ ಮೇಜಿನ ಮೇಲೆ ಇದು ಜಾಣ ಉಪಾಯ. ಅಕ್ಕಸಾಲಿಯ ಅಗ್ಗಿಷ್ಟಿಕೆಯ ಮುಂದೆ ಕೂತು ನೋಡಿ. 22 ಕ್ಯಾರೆಟ್ ಚಿನ್ನ ಮೆದು. ತಂತಿ ಎಳೆಯುವ ಅಚ್ಚಿನ ತೂತಿನಲ್ಲಿ ಎಳೆದರೆ ಕೂದಲೆಳೆಯಷ್ಟು ಸಣ್ಣ ತಂತಿಯಾಗುತ್ತದೆ, ಬಡಿದರೆ ತಗಡಾಗಿ ಹರಡುತ್ತದೆ. 14 ಕ್ಯಾರೆಟ್ ಅಂದರೆ ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು ತಾಮ್ರ, ಬೆಳ್ಳಿ. ಅದು ಬಿರುಸು. ಬೆಸುಗೆಯ ಹದ ಬೇರೆ, ಕಾಸುವ ಹದ ಬೇರೆ, ಬಣ್ಣವೂ ಮಂಕು. ಅಪ್ಪನಿಂದ ಕಲಿತ ಕೈಗೆ ಅದು ಹೊಸ ಲೋಹ. ಕಲಿತು ಮಾಡಿದ ಅಂತಲೇ ಇಟ್ಟುಕೊಳ್ಳಿ, ಕೊಳ್ಳುವವರು ಯಾರು? ಒರೆಗಲ್ಲಿಗೆ ತಿಕ್ಕಿ ನೋಡುವ ನಮ್ಮ ಜನ ಅಂಥ ಚಿನ್ನದಲ್ಲಿ ತಾಳಿ ಮಾಡಿಸುತ್ತಾರೆಯೇ? ಹೊಲ ಒಣಗಿದ ವರ್ಷ ಅಡವಿಡಲು ಆಗದ ಒಡವೆ ರೈತನ ಹೆಂಡತಿಗೆ ಯಾತಕ್ಕೆ?

ಕೆಲಸ ನಿಂತಿತು. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಕೇರಿಗಳಲ್ಲಿ ಒಲೆ ಆರಿತು. ಕೆಲವರು ಜೀವ ಕಳೆದುಕೊಂಡರು, ಸಂಸತ್ತಿನಲ್ಲಿ ಗದ್ದಲವಾಯಿತು. ಸಾಲ ಕೊಡುತ್ತೇವೆ, ಬೇರೆ ಕಸುಬು ಕಲಿಸುತ್ತೇವೆ ಎಂದಿತು ಸರ್ಕಾರ. ಐವತ್ತು ದಾಟಿದ ಅಕ್ಕಸಾಲಿ ಬೇರೆ ಯಾವ ಕಸುಬು ಕಲಿಯಬೇಕಿತ್ತೋ ನನಗಂತೂ ತೋಚುವುದಿಲ್ಲ. ಅದೇ ವರ್ಷ ಮೊರಾರ್ಜಿ, ಹಿರಿಯ ಸಚಿವರು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿಯಬೇಕೆಂಬ ಕಾಮರಾಜ್ ಯೋಜನೆಯಲ್ಲಿ ಸಂಪುಟ ಬಿಟ್ಟರು. ನಂತರ ಬಂದ ಟಿ.ಟಿ. ಕೃಷ್ಣಮಾಚಾರಿ, ಗಿರಾಕಿಯ ಹಳೆಯ ಒಡವೆಯನ್ನು ಅದೇ ಶುದ್ಧತೆಯಲ್ಲಿ ಮುರಿದು ಮಾಡಿಕೊಡಬಹುದು ಎಂದು ನಿಯಮ ಸಡಿಲಿಸಿದರು. 14 ಕ್ಯಾರೆಟ್ಟಿನ ಕಟ್ಟು ಪೂರ್ತಿ ಬಿಚ್ಚಿದ್ದು 1966ರಲ್ಲಿ. ಇಷ್ಟಾಗಿಯೂ ಕಳ್ಳಸಾಗಣೆ ನಿಂತಿತೇ? ಇಲ್ಲ.

ಇದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡಿ. ಅದೇ 1963ರಲ್ಲಿ ಕಂಪನಿಗಳ ಮೇಲೆ ಅಧಿಕ ಲಾಭ ತೆರಿಗೆಯೂ ಬಂದಿತ್ತು. ಉದ್ಯಮಿಗಳು ಕೂಗೆಬ್ಬಿಸಿದರು. ಮರುವರ್ಷವೇ ಅದನ್ನು ತೆಗೆದು, ಸರ್‌ಟ್ಯಾಕ್ಸ್ ಎಂಬ ಹಗುರವಾದ ತೆರಿಗೆ ತಂದರು. ಕಷ್ಟವನ್ನು ಎಲ್ಲರೂ ಹಂಚಿಕೊಂಡರು ಎನ್ನುವಾಗ ಚಿನ್ನದ ನಿಯಮ, ಲಾಭದ ತೆರಿಗೆ ಈ ಎರಡರ ಆಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೂ ಕೆಲವರಿಗೆ ಹಂಚಿಕೊಳ್ಳುವ ಅವಕಾಶವೇ ಇರಲಿಲ್ಲ. ಅಸ್ಸಾಮಿನ ಮಾಕುಮ್‌ನಂಥ ಊರುಗಳಲ್ಲಿ ತಲೆಮಾರುಗಳಿಂದ ಬಾಳಿದ್ದ ಚೀನೀ ಮೂಲದ ಸುಮಾರು 3,000 ಜನರನ್ನು, ಕೂಸು ಬಾಣಂತಿ ಎನ್ನದೆ, ರೈಲು ಹತ್ತಿಸಿ ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದರು. ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿದರು. ತಿರುಗಿ ಬಂದವರಲ್ಲಿ ಎಷ್ಟೋ ಜನರಿಗೆ ಮನೆ, ಅಂಗಡಿ ಉಳಿದಿರಲಿಲ್ಲ.

ಇನ್ನು ಹೊಟ್ಟೆಯ ವಿಷಯ. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ. ಅಮೆರಿಕ ನೆರವಿನ ಕೈ ಬಿಗಿಹಿಡಿಯಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತು. 1964–65ರಲ್ಲಿ 8.9 ಕೋಟಿ ಟನ್ ಇದ್ದ ಆಹಾರಧಾನ್ಯದ ಇಳುವರಿ ಮರುವರ್ಷ 7.2 ಕೋಟಿ ಟನ್ನಿಗೆ ಕುಸಿಯಿತು. ಸೋಮವಾರ ರಾತ್ರಿಯ ಊಟ ಬಿಡಿ ಎಂದರು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ. ಮೊದಲು ತಮ್ಮ ಮನೆಯಲ್ಲೇ ಬಿಟ್ಟು ನೋಡಿ ಆಮೇಲೆ ಹೇಳಿದ ಮನುಷ್ಯ ಅವರು; ಹಾಗಾಗಿ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದಾಗ ಜನ ಗೊಣಗಲಿಲ್ಲ. ಆದರೆ ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋದಿ ಹಡಗುಗಳನ್ನು ಒಂದೊಂದಾಗಿ ಸತಾಯಿಸಿ ಬಿಡುತ್ತಿದ್ದ ದಿನಗಳವು. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ ಒಂದೇ ಏಟಿಗೆ 7.50 ಆಯಿತು. ಪಂಚವಾರ್ಷಿಕ ಯೋಜನೆಗೇ ಮೂರು ವರ್ಷ ರಜೆ ಕೊಡಬೇಕಾಯಿತು. ಎಷ್ಟು ಶಾಲೆ, ಎಷ್ಟು ಕಾಲುವೆ ಆ ರಜೆಯಲ್ಲಿ ಕಾಗದದ ಮೇಲೇ ಉಳಿದವೋ. ಕಟ್ಟಿದ ಕಾರ್ಖಾನೆ ಕಣ್ಣಿಗೆ ಕಾಣುತ್ತದೆ, ಕಟ್ಟದೇ ಹೋದ ಶಾಲೆಯ ಮುಂದೆ ನಿಂತು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ.

ಹಸಿರು ಕ್ರಾಂತಿ ಬಂದದ್ದು ಈ ಅವಮಾನದಿಂದ, ಚೀನಾದಿಂದಲ್ಲ. ಗೋದಿ ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ 1963ರಲ್ಲೇ ಇಲ್ಲಿಗೆ ಬಂದು ಹೋಗಿದ್ದರು, ನಮ್ಮ ವಿಜ್ಞಾನಿಗಳು ಕುಳ್ಳ ಗೋದಿಯನ್ನು ಪ್ರಯೋಗದ ತಾಕುಗಳಲ್ಲಿ ಬೆಳೆಸಿ ನೋಡಿದ್ದರು. 1966ರಲ್ಲಿ ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ 18,000 ಟನ್ ಮೆಕ್ಸಿಕೊ ಬೀಜ ತರಿಸಿದಾಗ ಬಿತ್ತುವ ಬಗೆ ಗೊತ್ತಿತ್ತು. ಅದರ ಫಲ ಮೊದಲು ಉಂಡದ್ದೂ ನೀರಾವರಿ ಇದ್ದ ಪಂಜಾಬಿನ ಕಡೆಯವರು. ನಮ್ಮ ರಾಗಿ, ಜೋಳದ ಹೊಲಗಳು ಮಳೆಗೇ ಬಾಯಿಬಿಟ್ಟುಕೊಂಡು ಕೂತಿದ್ದವು.

ಮುಗಿದುಹೋದದ್ದನ್ನು ಕೆದಕುವುದೇಕೆ ಎಂದು ಕೇಳಿದ್ದೀರಿ. ಯುದ್ಧ ಮುಗಿದರೂ ಯುದ್ಧಕಾಲದ ಕಾನೂನು ಮುಗಿಯುವುದಿಲ್ಲ, ಅದಕ್ಕೆ. ಚೀನಾ ಕದನವಿರಾಮ ಸಾರಿದ್ದು 1962ರ ನವೆಂಬರಿನಲ್ಲಿ, ತಿಂಗಳೊಪ್ಪತ್ತಿನ ಕಾಳಗ. ಅದಕ್ಕಾಗಿ ಹೇರಿದ ತುರ್ತು ಪರಿಸ್ಥಿತಿ 1968ರ ಜನವರಿಯವರೆಗೆ ನಡೆಯಿತು. ಚಿನ್ನದ ನಿಯಮವಂತೂ 1968ರಲ್ಲಿ ಪೂರ್ಣ ಪ್ರಮಾಣದ ಕಾಯ್ದೆಯೇ ಆಗಿ 1990ರವರೆಗೆ ಬದುಕಿತು. ಅದು ರದ್ದಾದ ಮರುವರ್ಷ, ಕೊಲ್ಲಿ ಯುದ್ಧದಿಂದ ತೈಲದ ಬಿಲ್ಲು ಏರಿ ಬೊಕ್ಕಸ ಬರಿದಾದಾಗ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಸಾಗಿಸಿ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡವಿಟ್ಟರು.

— ಸಂ.