ಮಾತ್ರೆ ಆಡಿಸಿತೋ, ಮೇಷ್ಟ್ರು ಆಡಿದರೋ?

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಲಹೆಗೆಂದು ಬಂದ ಗಂಡ-ಹೆಂಡತಿ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಅವರು ನಿವೃತ್ತ ಗಣಿತ ಮೇಷ್ಟ್ರು, 63 ವರ್ಷ. ನಾಲ್ಕು ವರ್ಷದಿಂದ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ. ಆಕೆ ಪಾಸ್‌ಬುಕ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಹತ್ತು ತಿಂಗಳಲ್ಲಿ ನಾಲ್ಕೂಮುಕ್ಕಾಲು ಲಕ್ಷ ಆನ್‌ಲೈನ್ ರಮ್ಮಿಗೆ ಹೋಗಿತ್ತು. ದುಡ್ಡು ಕಟ್ಟಿ ಆಡುವ ಆಟಗಳಿಗೆ ಆಗಿನ್ನೂ ಕೇಂದ್ರದ ನಿಷೇಧ ಬಂದಿರಲಿಲ್ಲ.

"ಇವರಪ್ಪ ಇಸ್ಪೀಟಿಗೆ ಗದ್ದೆ ಕಳೆದರು ಅಂತ ಮದುವೆಮನೆಯಲ್ಲೂ ಇವರು ಎಲೆ ಮುಟ್ತಿರಲಿಲ್ಲ ಮೇಡಂ."

"ಬುದ್ಧಿಃ ಕರ್ಮಾನುಸಾರಿಣೀ," ಮೇಷ್ಟ್ರು ನೆಲ ನೋಡುತ್ತ ಹೇಳಿದರು. "ಅಪ್ಪನ ರಕ್ತ, ಎಲ್ಲಿ ಹೋಗುತ್ತೆ?"

ನನಗೆ ಹಣೆಬರಹಕ್ಕಿಂತ ಮೊದಲು ಡಾಕ್ಟರ ಬರಹ ನೋಡಬೇಕಿತ್ತು. ಚೀಟಿಯಲ್ಲಿ ಪ್ರಾಮಿಪೆಕ್ಸೋಲ್ ಎಂಬ ಪಾರ್ಕಿನ್ಸನ್ ಮಾತ್ರೆ. ಡೋಸ್ ಏರಿಸಿದ ಎರಡು ತಿಂಗಳಿಗೆ ರಮ್ಮಿ ಶುರುವಾಗಿತ್ತು. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕ ಕುಗ್ಗುತ್ತದೆ. ಈ ಮಾತ್ರೆ ಅದರ ಜಾಗದಲ್ಲಿ ನಿಂತು ದುಡಿಯುತ್ತದೆ. ಆದರೆ ಡೋಪಮಿನ್ ಇರುವುದು ಕೈಕಾಲಿಗಷ್ಟೇ ಅಲ್ಲ, 'ಇನ್ನೊಂದೇ ಆಟ' ಎನ್ನಿಸುವ ಆಸೆಗೂ. ಅಮೆರಿಕ, ಕೆನಡಾಗಳ 3,090 ಪಾರ್ಕಿನ್ಸನ್ ರೋಗಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು: ಹೀಗೆ ಡೋಪಮಿನ್ ಜಾಗದಲ್ಲಿ ದುಡಿಯುವ ಔಷಧಿ ನುಂಗುವವರಲ್ಲಿ ಶೇ. 17.1 ಮಂದಿಗೆ ಜೂಜು, ಅತಿಖರೀದಿಯಂಥ ಹಿಡಿತ ತಪ್ಪಿದ ವರ್ತನೆ, ನುಂಗದವರಲ್ಲಿ ಶೇ. 6.9. ಮನೆತನದಲ್ಲಿ ಜೂಜಿದ್ದವರಲ್ಲಿ ಇದು ಹೆಚ್ಚೆಂದೂ ಕಂಡಿತು. ಅಪ್ಪನ ರಕ್ತದ ಮಾತು ಪೂರ್ತಿ ಸುಳ್ಳೇನಲ್ಲ.

ಮೇಷ್ಟ್ರು ಬಲಗೈ ಎತ್ತಿ ತೋರಿಸಿದರು. "ಇದು ನಡುಗಿದರೆ ಯಾರೂ ಬೈಯಲ್ಲ. ಇದೇ ಕೈ ರಮ್ಮಿ ಆಡಿದರೆ ನಾನು ಕಳ್ಳ."

ಆಕೆ ಬಿಡಲಿಲ್ಲ. "ಆಡಿಸಿದ್ದು ಮಾತ್ರೆ ಅನ್ನಿ. ಎಫ್‌ಡಿ ಮುರಿಸಿ, ತಂಗಿ ಮಗನಿಗೆ ಸಾಲ ಕೊಟ್ಟೆ ಅಂತ ಸುಳ್ಳು ಹೇಳಿದ್ದೂ ಮಾತ್ರೆಯಾ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಮಾತ್ರ ಒಂದು ಖಾಲಿ ಜಾಗವಿತ್ತು: ಮೊಮ್ಮಗಳು ಬಂದಿದ್ದ 12 ದಿನ ಒಂದು ರೂಪಾಯಿಯೂ ಹೋಗಿಲ್ಲ. ಕೇಳಿದರೆ, "ಫೋನ್ ಅವಳ ಕೈಗೇ ಕೊಟ್ಟಿದ್ದೆ" ಎಂದರು. ಆಸೆ ಅವರ ಕೈಮೀರಿತ್ತು. ಫೋನ್ ಯಾರ ಕೈಯಲ್ಲಿರಬೇಕು ಎಂಬುದು ಪೂರ್ತಿ ಮೀರಿರಲಿಲ್ಲ. ತತ್ವಶಾಸ್ತ್ರದವರು ಇದನ್ನು ಸ್ವತಂತ್ರ ಇಚ್ಛೆ ಎಂದು ಒಪ್ಪುತ್ತಾರೋ ಇಲ್ಲವೋ, ನನ್ನ ಕೆಲಸಕ್ಕೆ ಅಷ್ಟು ಸಂದು ಸಾಕು.

ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು ಎಂದು ಎರಡು ಸಲ ಹೇಳಿದೆ. ತಟ್ಟನೆ ಬಿಟ್ಟರೆ ತೀವ್ರ ಆತಂಕ, ಖಿನ್ನತೆ ಕಾಡಬಹುದು, ಮೈ ಸೆಟೆಯಬಹುದು. ಅದೇ ವಾರ ನರರೋಗ ತಜ್ಞರಿಗೆ ರಮ್ಮಿಯ ವಿಷಯವನ್ನು ನಾಚದೆ ಹೇಳಬೇಕು. (ಇಷ್ಟು ದಿನ ಅವರಿಗೆ ನಡುಕದ ಸುದ್ದಿ ಮಾತ್ರ ಮುಟ್ಟಿತ್ತು!) ಉಳಿದ ಎಫ್‌ಡಿಗೆ ಇಬ್ಬರ ಸಹಿ. ಸಂಜೆಯಾದ ಮೇಲೆ ಮೇಷ್ಟ್ರ ಕೈಗೆ ಬಟನ್ ಫೋನ್.

"ಮಾತ್ರೆಯ ಮಾತನ್ನು ಡಾಕ್ಟರ ಮುಂದೆ ಆಡಿ," ಎಂದೆ ಅವರಿಗೆ. "ಮನೆಯವರ ಮುಂದೆ ಮೊದಲು ಲೆಕ್ಕ ಒಪ್ಪಿಸಿ." ಆಕೆಗೆ, ಕ್ಷಮಿಸಲು ಅವಸರ ಬೇಡ, ಬೈಯುವುದಿದ್ದರೆ ಸುಳ್ಳಿಗೆ ಬೈಯಿರಿ, ಆಸೆಗಲ್ಲ ಎಂದೆ.

ತಜ್ಞರು ಆ ಮಾತ್ರೆಯನ್ನು ಹಂತಹಂತವಾಗಿ ಇಳಿಸಿ, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಎಂಬ ಔಷಧಿಯನ್ನು ಹೊಂದಿಸಿದರು. ಮೂರು ತಿಂಗಳಿಗೆ ರಮ್ಮಿಯ ಸೆಳೆತ ಬಹುಮಟ್ಟಿಗೆ ಇಂಗಿತು, ನಡುಕ ತುಸು ಹೆಚ್ಚಿತು. ಕೊನೆಯ ಭೇಟಿಗೆ ಮೇಷ್ಟ್ರು ಒಂದು ನೋಟ್‌ಬುಕ್ ತಂದಿದ್ದರು. ಸೋತ ದುಡ್ಡೆಲ್ಲ ದಿನಾಂಕವಾರು, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ. ಆಕೆ ಕನ್ನಡಕ ಏರಿಸಿ ಸಾಲುಸಾಲಾಗಿ ಕೂಡಿದರು.

"ಆರು ನೂರು ಬಿಟ್ಟುಹೋಗಿದೆ ನೋಡಿ," ಎಂದು ಪೆನ್ನನ್ನು ಅವರ ಕಡೆ ಸರಿಸಿದರು.